ಹಲ್ಲು ಹುಳುಕಾಗದಂತೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಲ್ಲಿನ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಮೊದಲಿಗೆ ಎಲ್ಲರಿಗೂ ಬೇಕಾದವು, ಆಮೇಲೆ ಮಕ್ಕಳು, ಕುಡಿಯುವ ನೀರು, ದೊಡ್ಡವರು, ಚಿಕಿತ್ಸೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಉತ್ತರ ಪೂರ್ತಿ ಸಿಗುತ್ತದೆ.

## ಮೊದಲ ಸಂಗತಿಗಳು

ಹಲ್ಲಿಗೆ ಹುಳ ಬೀಳುತ್ತೆ ಅಂತಾರಲ್ಲ, ನಿಜವಾಗ್ಲೂ ಹುಳ ಇರುತ್ತಾ?

ಕಣ್ಣಿಗೆ ಕಾಣುವ ಹುಳ ಇರುವುದಿಲ್ಲ. ಇರುವುದು ಬ್ಯಾಕ್ಟೀರಿಯಾ. ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ಬೆಳಿಗ್ಗೆ ಎದ್ದಾಗ ಒಂದು ಜಿಡ್ಡುಜಿಡ್ಡಾದ ಪದರ ಸಿಗುತ್ತದಲ್ಲ, ಅದೇ ಅವುಗಳ ಮನೆ. ಆಡುಮಾತಿನಲ್ಲಿ ಅದನ್ನು ಪಾಚಿ ಎನ್ನುತ್ತೇವೆ. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮುಂತಾದ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನು ತಾವೂ ತಿಂದು ಹುಳಿ (ಆಮ್ಲ) ಬಿಡುತ್ತವೆ. ಆ ಹುಳಿ ಹಲ್ಲಿನ ಮೇಲಿನ ಗಟ್ಟಿ ಕವಚವಾದ ಎನಾಮಲ್‌ನಿಂದ ಸುಣ್ಣದ ಅಂಶವನ್ನು ಕರಗಿಸುತ್ತದೆ.

ಸಂತೆ, ಜಾತ್ರೆಗಳಲ್ಲಿ ಕೆಲವರು ಬೀಜ ಸುಟ್ಟು ಅದರ ಹೊಗೆಯನ್ನು ಬಾಯಿಗೆ ಹಿಡಿಸಿ, "ನೋಡಿ, ಹುಳ ಬಿತ್ತು" ಎಂದು ಬಿಳಿ ಎಳೆಗಳನ್ನು ತೋರಿಸುತ್ತಾರೆ. ಅವು ಬೀಜ ಬಿಸಿಗೆ ಸಿಡಿದಾಗ ಒಳಗಿನಿಂದ ಹೊರಬರುವ ಮೊಳಕೆಯ ಭಾಗ. ಹೊಗೆಯಿಂದ ನೋವು ಸ್ವಲ್ಪ ಹೊತ್ತು ಮರಗಟ್ಟಬಹುದು, ಆದರೆ ಹಲ್ಲಿನ ತೂತು ಹಾಗೇ ಇರುತ್ತದೆ. ಆ ಸಮಾಧಾನದಲ್ಲಿ ಆರು ತಿಂಗಳು ಕಳೆದು, ಸಿಮೆಂಟ್ ತುಂಬಿ ಉಳಿಸಬಹುದಾಗಿದ್ದ ಹಲ್ಲು ಕೀಳುವ ಹಂತಕ್ಕೆ ಬರುತ್ತದೆ.

ನಾನು ಸ್ವೀಟ್ ಜಾಸ್ತಿ ತಿನ್ನೋದೇ ಇಲ್ಲ, ಆದ್ರೂ ಯಾಕೆ ಹುಳುಕು?

ಎಷ್ಟು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎನ್ನುವುದು ಇಲ್ಲಿ ಮುಖ್ಯ. ಈ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಪಾಚಿಯೊಳಗೆ ಹುಳಿ ಏರುತ್ತದೆ. ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರು. ಆಮೇಲೆ ಎಂಜಲು ನಿಧಾನವಾಗಿ ಆ ಹುಳಿಯನ್ನು ತೊಳೆದು, ಕಳೆದುಹೋದ ಕ್ಯಾಲ್ಸಿಯಂ, ಫಾಸ್ಫೇಟ್‌ಗಳನ್ನು ಹಲ್ಲಿಗೆ ವಾಪಸ್ ಕೊಡುತ್ತದೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಈಗ ಒಂದು ದಿನದ ಲೆಕ್ಕ ಹಾಕಿ: ಬೆಳಿಗ್ಗೆ ಕಾಫಿ, ಹತ್ತಕ್ಕೆ ಟೀ ಬಿಸ್ಕತ್ತು, ಊಟದ ನಂತರ ಬಾಳೆಹಣ್ಣು, ನಾಲ್ಕಕ್ಕೆ ಟೀ, ಆರಕ್ಕೆ ಖಾರಾ ಬೂಂದಿ, ನಡುನಡುವೆ ಒಂದು ಪೆಪ್ಪರ್‌ಮಿಂಟ್. ಸ್ವೀಟ್ ಎಂದು ಕರೆಯುವಂಥದ್ದು ಹೆಚ್ಚೇನೂ ಇಲ್ಲ. ಆದರೂ ಹಲ್ಲಿಗೆ ಚೇತರಿಸಿಕೊಳ್ಳಲು ಬಿಡುವೇ ಸಿಗಲಿಲ್ಲ. ಹಬ್ಬದ ದಿನ ಊಟದ ಜೊತೆ ಮೂರು ಹೋಳಿಗೆ ತಿಂದವರಿಗೆ ಇದಕ್ಕಿಂತ ಕಡಿಮೆ ಹಾನಿ.

ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ನಡೆದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ಊಟದ ಜೊತೆ ಸಕ್ಕರೆ ತಿಂದವರಲ್ಲಿ ಹುಳುಕು ಹೆಚ್ಚಿದ್ದು ಅಷ್ಟಕ್ಕಷ್ಟೇ. ಊಟಗಳ ನಡುವೆ ಅಂಟುವ ಟಾಫಿ ತಿಂದವರಲ್ಲಿ ಅದು ಬಹಳ ಹೆಚ್ಚಿತು. ಬುದ್ಧಿಮಾಂದ್ಯರಾದ ರೋಗಿಗಳ ಮೇಲೆ ಅವರ ಒಪ್ಪಿಗೆಯೇ ಇಲ್ಲದೆ ನಡೆಸಿದ ಅನ್ಯಾಯದ ಪ್ರಯೋಗ ಅದು. ಅವರು ಹಲ್ಲು ಕಳೆದುಕೊಂಡು ಕಲಿಸಿದ ಪಾಠವನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು.

ಶುರುವಾದ ಹುಳುಕು ತಾನಾಗೇ ವಾಸಿಯಾಗುತ್ತಾ?

ತೂತು ಬೀಳುವ ಮುಂಚೆ ಆದರೆ, ಹೌದು. ಮೊದಲ ಗುರುತು ಕಪ್ಪಲ್ಲ, ಬಿಳಿ. ಕಿಟಕಿಯ ಬೆಳಕಿಗೆ ನಿಂತು ತುಟಿ ಮೇಲೆತ್ತಿ, ಹಲ್ಲನ್ನು ಹತ್ತಿಬಟ್ಟೆಯಿಂದ ಒರೆಸಿ ಒಣಗಿಸಿ ನೋಡಿ. ವಸಡಿನ ಅಂಚಿಗೆ ಹೊಂದಿಕೊಂಡು ಸೀಮೆಸುಣ್ಣ ಬಳಿದಂತೆ ಹೊಳಪಿಲ್ಲದ ಬಿಳಿ ಪಟ್ಟಿ ಕಂಡರೆ ಅಲ್ಲಿ ಸುಣ್ಣದ ಅಂಶ ಕರಗುತ್ತಿದೆ ಎಂದರ್ಥ. ಒದ್ದೆ ಇದ್ದಾಗ ಅದು ಕಾಣುವುದಿಲ್ಲ, ಒಣಗಿಸಿದಾಗಲೇ ಎದ್ದು ಕಾಣುವುದು.

ಈ ಹಂತದಲ್ಲಿ ದಿನಕ್ಕೆ ಎರಡು ಸಲ ಫ್ಲೋರೈಡ್ (ಎನಾಮಲ್ ಗಟ್ಟಿಯಾಗಲು ನೆರವಾಗುವ ಖನಿಜ) ಇರುವ ಪೇಸ್ಟ್, ನಡುನಡುವೆ ತಿನ್ನುವುದಕ್ಕೆ ಕಡಿವಾಣ, ದಂತವೈದ್ಯರು ಹಲ್ಲಿಗೆ ಬಳಿಯುವ ಫ್ಲೋರೈಡ್ ಲೇಪ, ಅಂದರೆ ಫ್ಲೋರೈಡ್ ವಾರ್ನಿಶ್, ಇಷ್ಟಾದರೆ ಕೆಲವು ತಿಂಗಳಲ್ಲಿ ಆ ಜಾಗ ಮತ್ತೆ ಗಟ್ಟಿಯಾಗಿ ಹೊಳಪು ಪಡೆಯುತ್ತದೆ. ಮೇಲ್ಪದರ ಒಡೆದು ಗುಳಿ ಬಿದ್ದ ಮೇಲೆ ಮಾತ್ರ ಯಾವ ಪೇಸ್ಟೂ ಅದನ್ನು ತುಂಬಲಾರದು.

ದವಡೆ ಹಲ್ಲಿನ ಮೇಲೆ ಕಪ್ಪು ಗೆರೆ ಇದೆ, ನೋವೇನೂ ಇಲ್ಲ. ಬಿಟ್ಟುಬಿಡಬಹುದಾ?

ಎಲ್ಲ ಕಪ್ಪೂ ಹುಳುಕಲ್ಲ. ವರ್ಷಗಟ್ಟಲೆ ಹಾಗೇ ಇರುವ ತೆಳು ಗೆರೆ ಟೀ, ಕಾಫಿ, ಎಲೆಯಡಿಕೆಯ ಕಲೆ ಇರಬಹುದು. ಆದರೆ ಗೆರೆಯ ಸುತ್ತ ಎನಾಮಲ್ ಕೆಳಗಿನಿಂದ ಬೂದಿಬಣ್ಣವಾಗಿ ಕಂಡರೆ, ಅಲ್ಲಿ ಆಹಾರ ಸಿಕ್ಕಿಕೊಳ್ಳುತ್ತಿದ್ದರೆ, ತಣ್ಣೀರಿಗೆ ಜುಂ ಎಂದರೆ ತೋರಿಸಿಕೊಳ್ಳಿ. ನೋವಿಲ್ಲ ಎನ್ನುವುದು ಧೈರ್ಯ ತರುವ ಮಾತಲ್ಲ: ಎನಾಮಲ್‌ಗೆ ನರವಿಲ್ಲ, ಹುಳುಕು ಒಳಗಿನ ನರದ ಹತ್ತಿರ ಹೋಗುವವರೆಗೆ ನೋಯುವುದೇ ಇಲ್ಲ. ಪಿನ್ನು, ಸೂಜಿ ಹಾಕಿ ನೀವೇ ಕೆದಕಿ ನೋಡಬೇಡಿ. ಗಟ್ಟಿಯಾಗಬಹುದಾಗಿದ್ದ ಮೇಲ್ಪದರ ಅದರಿಂದಲೇ ಒಡೆಯುತ್ತದೆ.

## ಉಜ್ಜುವುದು

ಬೆಳಿಗ್ಗೆ ಚೆನ್ನಾಗಿ ಉಜ್ತೀನಿ. ರಾತ್ರಿನೂ ಬೇಕೇ ಬೇಕಾ?

ಒಂದೇ ಸಲ ಉಜ್ಜುವುದಾದರೆ ರಾತ್ರಿ ಉಜ್ಜಿ ಎನ್ನುವಷ್ಟು ಬೇಕು. ನಿದ್ದೆಯಲ್ಲಿ ಎಂಜಲು ಬಹುತೇಕ ಬತ್ತಿರುತ್ತದೆ. ಹಗಲು ಹುಳಿ ತೊಳೆಯುವ ಕಾವಲು ರಾತ್ರಿ ಇಲ್ಲ. ಊಟದ ಅನ್ನ, ಮಲಗುವ ಮುಂಚಿನ ಹಾರ್ಲಿಕ್ಸ್, ಸಕ್ಕರೆ ಹಾಕಿದ ಹಾಲು ಹಲ್ಲಿನ ಮೇಲೆ ಏಳೆಂಟು ಗಂಟೆ ಕೂತಿರುತ್ತವೆ. ಹಾಲು ಕುಡಿದು ಆಮೇಲೆ ಉಜ್ಜಿ, ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ.

ಉಜ್ಜೋ ಸರಿಯಾದ ಕ್ರಮ ಹೇಳಿ.

ಮೃದು ಎಳೆಯ ಬ್ರಷ್, ಚಿಕ್ಕ ತಲೆಯದು. ಎಳೆಗಳನ್ನು ಹಲ್ಲೂ ವಸಡೂ ಕೂಡುವ ಗೆರೆಯ ಮೇಲೆ ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ ಇಡಿ. ಅಲ್ಲೇ ಸಣ್ಣಗೆ ಕಂಪಿಸಿದ ಹಾಗೆ ಆಡಿಸಿ, ಎರಡು ಮೂರು ಹಲ್ಲು ಮುಗಿದ ಮೇಲೆ ಮುಂದಕ್ಕೆ ಹೋಗಿ. ಮೊದಲು ಹೊರಮೈ, ಆಮೇಲೆ ನಾಲಿಗೆ ಕಡೆಯ ಒಳಮೈ, ಕೊನೆಗೆ ಅಗಿಯುವ ಮೇಲ್ಮೈ. ಒಟ್ಟು 2 ನಿಮಿಷ. ಗಡಿಯಾರ ನೋಡಿ ಉಜ್ಜಿದರೆ ತಿಳಿಯುತ್ತದೆ, ನಮ್ಮಲ್ಲಿ ಹೆಚ್ಚಿನವರು 40 ಸೆಕೆಂಡಿಗೇ ಮುಗಿಸುತ್ತೇವೆ.

ಎರಡು ಜಾಗ ಸಾಮಾನ್ಯವಾಗಿ ತಪ್ಪಿಹೋಗುತ್ತವೆ. ಒಂದು, ಕೆಳಗಿನ ದವಡೆಯ ನಾಲಿಗೆ ಕಡೆಯ ಮೈ. ಇನ್ನೊಂದು, ಮೇಲಿನ ಕೊನೆಯ ದವಡೆ ಹಲ್ಲಿನ ಕೆನ್ನೆ ಕಡೆಯ ಮೈ. ಇದಕ್ಕೆ ಬಾಯಿ ಅಗಲ ತೆರೆದರೆ ಬ್ರಷ್ ಹೋಗುವುದಿಲ್ಲ; ಅರ್ಧ ಮುಚ್ಚಿ, ದವಡೆಯನ್ನು ಅದೇ ಕಡೆಗೆ ಸರಿಸಿದರೆ ಜಾಗವಾಗುತ್ತದೆ.

ಉಜ್ಜಿದ ಮೇಲೆ ನೊರೆ ಉಗಿಯಿರಿ, ಆದರೆ ಲೋಟಗಟ್ಟಲೆ ನೀರಿನಿಂದ ಮುಕ್ಕಳಿಸಬೇಡಿ. ಇದು ನಮ್ಮ ಅಭ್ಯಾಸಕ್ಕೆ ವಿರುದ್ಧ, ಆದರೂ ರೂಢಿ ಮಾಡಿಕೊಳ್ಳಲೇಬೇಕು. ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಉಳಿದಷ್ಟು ಹೊತ್ತು ಕೆಲಸ ಮಾಡುತ್ತದೆ. ಬಾಯಿ ಪೂರ್ತಿ ತೊಳೆದರೆ ಔಷಧಿ ಹಚ್ಚಿ ಒರೆಸಿದ ಹಾಗೆ.

ಎಳೆಗಳು ಹೊರಕ್ಕೆ ಬಾಗಿದರೆ, ಇಲ್ಲವೇ 3 ತಿಂಗಳಾದರೆ ಬ್ರಷ್ ಬದಲಿಸಿ. ಒಂದೇ ತಿಂಗಳಿಗೆ ಬಾಗಿದರೆ ನೀವು ಪಾತ್ರೆ ತಿಕ್ಕುವ ಹಾಗೆ ತಿಕ್ಕುತ್ತಿದ್ದೀರಿ, ಕೈ ಹಗುರ ಮಾಡಿ.

ಯಾವ ಪೇಸ್ಟ್ ಒಳ್ಳೇದು? ಆಯುರ್ವೇದಿಕ್ ಆದ್ರೆ ಸಾಕಾ?

ಹುಳುಕು ತಡೆಯಲು ನೋಡಬೇಕಾದ್ದು ಟ್ಯೂಬಿನ ಹಿಂದೆ ಫ್ಲೋರೈಡ್ ಎಂದು ಬರೆದಿದೆಯೇ ಎನ್ನುವುದನ್ನು. ಸೋಡಿಯಂ ಫ್ಲೋರೈಡ್, ಸೋಡಿಯಂ ಮೊನೊಫ್ಲೋರೊಫಾಸ್ಫೇಟ್ ಇವುಗಳಲ್ಲಿ ಯಾವುದಾದರೂ ಸರಿ. ನಮ್ಮ ದೇಶದ ಕಾನೂನಿನಂತೆ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಮೀರುವಂತಿಲ್ಲ, ಪ್ರಮಾಣವನ್ನು ಟ್ಯೂಬಿನ ಮೇಲೆ ಮುದ್ರಿಸಲೇಬೇಕು. ಲವಂಗ, ಬೇವು, ಪುದೀನ ಇದ್ದರೆ ಬಾಯಿಗೆ ಹಿತ, ಅಷ್ಟೇ. ಫ್ಲೋರೈಡ್ ಇಲ್ಲದ ಗಿಡಮೂಲಿಕೆ ಪೇಸ್ಟಿನಿಂದ ಹಲ್ಲು ಸ್ವಚ್ಛವಾಗುತ್ತದೆ, ಆದರೆ ಹುಳುಕಿನ ವಿರುದ್ಧ ಅಷ್ಟು ರಕ್ಷಣೆ ಸಿಗುವುದಿಲ್ಲ. ದೊಡ್ಡವರಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ಷಿನ ಉದ್ದಕ್ಕೂ ಬೇಡ.

ನಮ್ಮಜ್ಜ ಬೇವಿನ ಕಡ್ಡಿ, ಇದ್ದಿಲಲ್ಲೇ ಉಜ್ಜಿ ಎಂಬತ್ತು ವರ್ಷ ಹಲ್ಲು ಉಳಿಸಿಕೊಂಡ್ರು. ಅದೇ ಒಳ್ಳೇದಲ್ವಾ?

ಅಜ್ಜನ ಹಲ್ಲು ಉಳಿಸಿದ್ದು ಇದ್ದಿಲಿಗಿಂತ ಹೆಚ್ಚಾಗಿ ಅಜ್ಜನ ಊಟ. ಮುದ್ದೆ, ರೊಟ್ಟಿ, ಸೊಪ್ಪು, ಹೊತ್ತು ಹೊತ್ತಿಗೆ ಮಾತ್ರ ಊಟ, ಸಕ್ಕರೆ ಅಪರೂಪ. ಈಗಿನ ತಿನಿಸಿಗೆ ಆ ಕಾಲದ ಉಪಾಯ ಸಾಲದು.

ಬೇವಿನ ಕಡ್ಡಿಯ ತುದಿಯನ್ನು ಚೆನ್ನಾಗಿ ಅಗಿದು ಎಳೆಎಳೆ ಮಾಡಿ ಮೆಲ್ಲಗೆ ಬಳಸಿದರೆ ಹೊರಮೈಯ ಪಾಚಿ ಹೋಗುತ್ತದೆ. ಒಳಮೈ, ಹಿಂದಿನ ದವಡೆ ತಲುಪುವುದು ಕಷ್ಟ. ಇದ್ದಿಲು, ಇಟ್ಟಿಗೆ ಪುಡಿ, ಮರಳು, ಕಲ್ಲುಪ್ಪು ಎನಾಮಲ್ಲನ್ನೇ ಸವೆಸುತ್ತವೆ. ಹಲ್ಲಿನ ಬುಡದಲ್ಲಿ ಗರಗಸದಿಂದ ಕೊಯ್ದಂಥ ಗುಳಿ ಬೀಳುವುದು ಹೀಗೆ. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ತಂಬಾಕಿನ ಪುಡಿಯಂತೂ ಬೇಡವೇ ಬೇಡ. ಹಲ್ಲುಪುಡಿ, ಪೇಸ್ಟ್‌ಗಳಲ್ಲಿ ತಂಬಾಕು ಬಳಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ.

ಹಲ್ಲಿನ ಸಂದಿಗೆ ಕಡ್ಡಿ ಹಾಕಿ ತೆಗೀತೀನಿ, ಸಾಲದಾ?

ಸಾಲದು. ಕಡ್ಡಿ ಸಿಕ್ಕಿಕೊಂಡ ನಾರನ್ನು ತೆಗೆಯುತ್ತದೆ, ಪಾಚಿಯನ್ನಲ್ಲ. ಒತ್ತೊತ್ತಾಗಿರುವ ಹಲ್ಲಿಗೆ ಫ್ಲಾಸ್ ದಾರ: ಒಂದೂವರೆ ಅಡಿ ತೆಗೆದುಕೊಂಡು ಎರಡೂ ಮಧ್ಯದ ಬೆರಳಿಗೆ ಸುತ್ತಿ, ಗರಗಸದಂತೆ ಮೆಲ್ಲಗೆ ಇಳಿಸಿ, ಒಂದು ಹಲ್ಲಿಗೆ ಬಳಸಿದ ಹಾಗೆ ಬಾಗಿಸಿ ಮೇಲೆ ಕೆಳಗೆ ಉಜ್ಜಿ. ಆಮೇಲೆ ಅದೇ ಸಂದಿಯ ಪಕ್ಕದ ಹಲ್ಲಿಗೂ ಹಾಗೇ. ಸಂದಿ ಅಗಲವಾಗಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಪುಟ್ಟ ಇಂಟರ್‌ಡೆಂಟಲ್ ಬ್ರಷ್ ಇನ್ನೂ ಒಳ್ಳೆಯದು. ಮೊದಲ ವಾರ ರಕ್ತ ಬಂದರೆ ಹೆದರಿ ನಿಲ್ಲಿಸಬೇಡಿ, ಊದಿದ ವಸಡು ಸ್ವಚ್ಛವಾದಂತೆ ರಕ್ತ ನಿಲ್ಲುತ್ತದೆ. ಎರಡು ವಾರವಾದರೂ ನಿಲ್ಲದಿದ್ದರೆ ತೋರಿಸಿ. ಸೇಫ್ಟಿ ಪಿನ್ ಮಾತ್ರ ಯಾವತ್ತೂ ಬೇಡ.

## ತಿನ್ನುವುದು, ಕುಡಿಯುವುದು

ಸಕ್ಕರೆ ಬದಲು ಬೆಲ್ಲ, ಜೇನುತುಪ್ಪ ಕೊಟ್ರೆ ಹಲ್ಲಿಗೆ ಒಳ್ಳೇದಾ?

ಬ್ಯಾಕ್ಟೀರಿಯಾಕ್ಕೆ ಮೂರೂ ಒಂದೇ. ಕಡಲೆ ಚಿಕ್ಕಿ, ಒಣದ್ರಾಕ್ಷಿ, ಖರ್ಜೂರದಂಥವು ಪೌಷ್ಟಿಕ ಹೌದು, ಆದರೆ ದವಡೆ ಹಲ್ಲಿನ ಗುಳಿಗೆ ಅಂಟಿ ಗಂಟೆಗಟ್ಟಲೆ ಕೂರುತ್ತವೆ. ಸಿಹಿಯಿಲ್ಲದ ಬಿಸ್ಕತ್ತು, ಚಿಪ್ಸ್ ಕೂಡ ಹಿಟ್ಟಾಗಿ ಅಂಟಿಕೊಂಡು ಎಂಜಲಿನಲ್ಲಿ ಸಕ್ಕರೆಯಾಗಿ ಒಡೆಯುತ್ತವೆ. ಇವನ್ನೆಲ್ಲ ಊಟದ ಜೊತೆಯೇ ಮುಗಿಸಿ. ನಡುವೆ ಹಸಿವಾದರೆ ಹುರಿದ ಕಡಲೆಕಾಯಿ, ಸೌತೆಕಾಯಿ, ಹೆಸರುಬೇಳೆ ಕೋಸಂಬರಿ, ಕೊಬ್ಬರಿ ಚೂರು, ಮಜ್ಜಿಗೆ ಇರಲಿ.

ಟೀ ಬಿಡಕ್ಕಾಗಲ್ಲ. ಏನು ಮಾಡ್ಲಿ?

ಟೀ ಬಿಡಬೇಕಿಲ್ಲ, ಸಕ್ಕರೆ ಬಿಡಿ. ಒಂದು ಚಮಚ ಸಕ್ಕರೆ ಸುಮಾರು 4 ಗ್ರಾಂ. ಲೋಟಕ್ಕೆ ಎರಡು ಚಮಚದಂತೆ ಐದು ಟೀ ಎಂದರೆ 40 ಗ್ರಾಂ. ಸೇರಿಸಿದ ಸಕ್ಕರೆ ದಿನಕ್ಕೆ 50 ಗ್ರಾಂ ಒಳಗಿರಲಿ, 25ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ವಾರಕ್ಕೆ ಕಾಲು ಚಮಚದಂತೆ ಇಳಿಸಿದರೆ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಅಲ್ಲಿಯವರೆಗೆ, ಫ್ಲಾಸ್ಕ್ ಇಟ್ಟುಕೊಂಡು ಗುಟುಕು ಗುಟುಕಾಗಿ ಎರಡು ಗಂಟೆ ಕುಡಿಯುವುದನ್ನು ಬಿಟ್ಟು ಒಂದೇ ಸಲ ಕುಡಿದು ಮುಗಿಸಿ, ಮೇಲೆ ನೀರು ಕುಡಿಯಿರಿ.

ಎಲೆಯಡಿಕೆ ಹಾಕೋರಿಗೆ ಹುಳುಕು ಬರಲ್ಲ ಅಂತಾರೆ, ನಿಜವೇ?

ಈ ಮಾತನ್ನು ನಂಬಿ ಅಡಿಕೆ ಹಿಡಿಯಬೇಡಿ. ಗಟ್ಟಿ ಅಡಿಕೆ ವರ್ಷಾನುಗಟ್ಟಲೆ ಅಗಿದರೆ ಹಲ್ಲು ತಟ್ಟೆಯಂತೆ ಸವೆಯುತ್ತದೆ, ಸೀಳುತ್ತದೆ. ಸುಣ್ಣ, ಕಾಚು ಸೇರಿ ಬುಡದಲ್ಲಿ ಕಿಟ್ಟ (ಕಲ್ಲಿನಂತೆ ಗಟ್ಟಿಯಾದ ಪಾಚಿ) ಕಟ್ಟಿ ವಸಡು ಕೆಳಗಿಳಿಯುತ್ತದೆ. ಸಿಹಿ ಸುಪಾರಿ ಕೆನ್ನೆಯಲ್ಲಿಟ್ಟುಕೊಂಡರೆ ಹುಳುಕೂ ಬರುತ್ತದೆ. ಎಲ್ಲಕ್ಕಿಂತ ದೊಡ್ಡದು ಬಾಯಿಯ ಒಳಪದರ ಬಿಗಿದು ನಾರಾಗುವ ಕಾಯಿಲೆ ಮತ್ತು ಕ್ಯಾನ್ಸರ್. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೊದಲ ಗುಂಪಿನಲ್ಲೇ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿನಲ್ಲೇ, ಇಟ್ಟಿದೆ. ಅಡಿಕೆ ಬೆಳೆದು ಬದುಕುವ ಮಲೆನಾಡು, ಕರಾವಳಿಯವರಿಗೆ ಇದು ಕಹಿ ಮಾತು ಎಂದು ಗೊತ್ತು, ಆದರೂ ಹೇಳದೆ ಇರುವಂತಿಲ್ಲ.

ತಿಂಗಳಿಗೊಮ್ಮೆ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯಿಯೊಳಗೆ ಹೋಗುತ್ತವೆಯೇ ನೋಡಿ. ಹೋಗದಿದ್ದರೆ, ಖಾರ ತಿಂದರೆ ಉರಿ ತಡೆಯಲಾಗದಿದ್ದರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ಅಂದೇ ವೈದ್ಯರ ಬಳಿ ಹೋಗಿ.

## ಮಕ್ಕಳ ಹಲ್ಲು

ಹಾಲುಹಲ್ಲು ಹೇಗೂ ಬಿದ್ದೋಗುತ್ತೆ. ಅದಕ್ಕ್ಯಾಕೆ ದುಡ್ಡು ಖರ್ಚು?

ಮುಂದಿನ ಹಾಲುಹಲ್ಲು ಆರೇಳು ವರ್ಷಕ್ಕೆ ಬೀಳುತ್ತದೆ. ಹಿಂದಿನ ದವಡೆಯ ಹಾಲುಹಲ್ಲು 10ರಿಂದ 12 ವರ್ಷದವರೆಗೆ ಇರಬೇಕು. ನಾಲ್ಕು ವರ್ಷದ ಮಗುವಿಗೆ ಅದು ಹುಳುಕಾದರೆ ಇನ್ನು ಆರೇಳು ವರ್ಷ ಮಗು ಒಂದೇ ಕಡೆ ಅಗಿಯಬೇಕು, ರಾತ್ರಿ ನೋವಿಗೆ ಎದ್ದು ಅಳಬೇಕು. ಬೇಗ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಕೆಳಗಿನಿಂದ ಬರುವ ಶಾಶ್ವತ ಹಲ್ಲಿಗೆ ದಾರಿ ಇರುವುದಿಲ್ಲ, ಅದು ಸೊಟ್ಟಗೆ ಬರುತ್ತದೆ. ಬೇರಿನಲ್ಲಿ ಕೀವಾದರೆ ಕೆಳಗೆ ರೂಪುಗೊಳ್ಳುತ್ತಿರುವ ಹಲ್ಲಿಗೂ ಕಲೆ ಬೀಳಬಹುದು.

ಒಂದೂವರೆ ವರ್ಷದ ಪಾಪು, ಮೇಲಿನ ಮುಂದಿನ ನಾಲ್ಕೂ ಹಲ್ಲು ಕರಗ್ತಾ ಇವೆ. ಯಾಕೆ ಹೀಗೆ?

ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಅಭ್ಯಾಸ ಇದೆಯೇ ನೋಡಿ. ಹಾಲು ಮೇಲಿನ ಮುಂಭಾಗದ ಹಲ್ಲಿನ ಸುತ್ತ ನಿಲ್ಲುತ್ತದೆ. ಕೆಳಗಿನ ನಾಲ್ಕನ್ನು ನಾಲಿಗೆ ಮುಚ್ಚಿಕೊಂಡಿರುವುದರಿಂದ ಅವು ಉಳಿಯುತ್ತವೆ, ಈ ಮಾದರಿ ಕಂಡರೆ ಕಾರಣ ಹೆಚ್ಚುಕಡಿಮೆ ಅದೇ. ಜೇನು ಅದ್ದಿದ ನಿಪ್ಪಲ್, ದಿನಾ ಕೊಡುವ ಸಿಹಿ ಸಿರಪ್ ಕೂಡ ಹೀಗೇ ಮಾಡುತ್ತವೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೇರೆ ಕಾರಣಕ್ಕೂ ಅಪಾಯ, ಕೊಡಲೇಬಾರದು.

ಬಾಟಲಿಯಲ್ಲಿ ಹಾಲಿನ ಬದಲು ದಿನದಿನಕ್ಕೆ ನೀರು ಬೆರೆಸುತ್ತಾ ಹೋಗಿ, ಹತ್ತು ಹದಿನೈದು ದಿನದಲ್ಲಿ ರಾತ್ರಿಯದು ಬರೀ ನೀರಾಗಲಿ. ಹಗಲಿನ ಹಾಲು ಲೋಟದಲ್ಲಿ ಕೊಡಿ. ಮೊದಲ ಹಲ್ಲು ಮೂಡಿದ ದಿನದಿಂದಲೇ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸವರಿ ನೀವೇ ಉಜ್ಜಿ. ಮೂರು ವರ್ಷ ದಾಟಿದ ಮೇಲೆ ಬಟಾಣಿಯಷ್ಟು. ಮಗು ತಾನೇ ಶರ್ಟಿನ ಗುಂಡಿ ಹಾಕಿಕೊಂಡು, ಶೂ ಲೇಸ್ ಕಟ್ಟಿಕೊಳ್ಳುವಷ್ಟು ಕೈ ಹಿಡಿತ ಬರುವವರೆಗೆ, ಅಂದರೆ ಏಳೆಂಟು ವರ್ಷದವರೆಗೆ, ಅಮ್ಮನೋ ಅಪ್ಪನೋ ಉಜ್ಜಬೇಕು. ಮಗುವನ್ನು ತೊಡೆಯ ಮೇಲೆ ಮಲಗಿಸಿ ತಲೆಯ ಹಿಂದಿನಿಂದ ನೋಡಿದರೆ ಎಲ್ಲ ಹಲ್ಲೂ ಕಾಣುತ್ತವೆ.

ಆಗಲೇ ಹುಳುಕಾಗಿರುವ ಹಲ್ಲಿಗೆ 38% ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ಹುಳುಕು ಹರಡದಂತೆ ನಿಲ್ಲಿಸುವ ದಾರಿಯಿದೆ. ಕೊರೆಯುವುದಿಲ್ಲ, ಇಂಜೆಕ್ಷನ್ ಇಲ್ಲ. ಹುಳುಕಿನ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ, ಇದನ್ನು ವೈದ್ಯರು ಮೊದಲೇ ಹೇಳಬೇಕು, ನೀವೂ ಕೇಳಿಕೊಳ್ಳಿ.

ಆರು ವರ್ಷದ ಮಗಳಿಗೆ ಹಲ್ಲೇ ಬಿದ್ದಿಲ್ಲ, ಹಿಂದೆ ಹೊಸ ಹಲ್ಲು ಬಂದಿದೆ. ಇದೂ ಹಾಲುಹಲ್ಲಾ?

ಅಲ್ಲ. ಇದು ಜೀವನಪೂರ್ತಿ ಇರಬೇಕಾದ ಮೊದಲ ಶಾಶ್ವತ ದವಡೆ ಹಲ್ಲು. ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಬರುವುದರಿಂದ ತಂದೆತಾಯಿ ಹಾಲುಹಲ್ಲು ಎಂದುಕೊಂಡು ಬಿಟ್ಟುಬಿಡುತ್ತಾರೆ. ಹತ್ತನೇ ವಯಸ್ಸಿಗೆ ಅದು ತೂತಾಗಿ ಬರುತ್ತದೆ. ಎಣಿಸಿ ನೋಡಿ: ಪ್ರತಿ ದವಡೆಯಲ್ಲಿ ನಡುಗೆರೆಯಿಂದ ಹಿಂದಕ್ಕೆ ಐದು ಹಾಲುಹಲ್ಲು, ಆರನೆಯದು ಶಾಶ್ವತ.

ಇದರ ಮೇಲ್ಮೈಯ ಗುಳಿಗಳು ಬ್ರಷ್ಷಿನ ಎಳೆಗಿಂತ ಕಿರಿದು. ಅವು ಆಳವಾಗಿದ್ದರೆ ಹಲ್ಲು ಪೂರ್ತಿ ಹೊರಬಂದ ಕೂಡಲೇ ಸೀಲಂಟ್ ಹಾಕಿಸಿ. ಗುಳಿಯನ್ನು ತೊಳೆದು ಒಣಗಿಸಿ, ತೆಳುವಾದ ರಾಳ ತುಂಬಿ ಬೆಳಕಿನಲ್ಲಿ ಗಟ್ಟಿ ಮಾಡುತ್ತಾರೆ, ನೋವಿಲ್ಲ. ಎಂಜಲು ತಾಗಿದರೆ ಹಿಡಿಯುವುದಿಲ್ಲ, ಸೀಲಂಟ್ ಬಿದ್ದುಹೋಗುವುದಕ್ಕೆ ಮುಖ್ಯ ಕಾರಣ ಇದೇ. 12ನೇ ವಯಸ್ಸಿನ ಆಸುಪಾಸಿನಲ್ಲಿ ಬರುವ ಎರಡನೇ ದವಡೆ ಹಲ್ಲಿಗೂ ಇದೇ ಮಾತು.

ಆಟ ಆಡ್ತಾ ಬಿದ್ದು ಮುಂದಿನ ಹಲ್ಲು ಕಿತ್ತೇ ಬಂತು. ಏನು ಮಾಡ್ಬೇಕು?

ಶಾಶ್ವತ ಹಲ್ಲಾದರೆ ಮೊದಲ ಅರ್ಧ ಗಂಟೆ ಚಿನ್ನ. ಬೇರು ಮುಟ್ಟದೆ ಬಿಳಿ ಭಾಗ ಹಿಡಿದು ಎತ್ತಿ. ಮಣ್ಣಾಗಿದ್ದರೆ ಹಾಲಿನಲ್ಲಿ, ಇಲ್ಲದಿದ್ದರೆ ನಲ್ಲಿ ನೀರಿನಲ್ಲಿ ಕೆಲವೇ ಸೆಕೆಂಡು ತೊಳೆಯಿರಿ. ಉಜ್ಜಬೇಡಿ, ಸೋಪು ಬೇಡ. ಅದೇ ಗುಳಿಗೆ ಸರಿಯಾದ ದಿಕ್ಕಿನಲ್ಲಿ ಕೂರಿಸಿ, ಕರ್ಚೀಫ್ ಕಚ್ಚಿಸಿ ಹೊರಡಿ. ಕೂರಿಸಲಾಗದಿದ್ದರೆ ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ತನ್ನಿ. ಒಣ ಕಾಗದದಲ್ಲಿ ಸುತ್ತಿದರೆ ಬೇರಿನ ಮೇಲಿನ ಜೀವಕೋಶ ಸಾಯುತ್ತವೆ. ಹಾಲುಹಲ್ಲಾದರೆ ವಾಪಸ್ ಕೂರಿಸಬೇಡಿ, ಒಳಗಿನ ಹಲ್ಲಿಗೆ ಪೆಟ್ಟಾಗುತ್ತದೆ. ಆದರೂ ತೋರಿಸಿ.

## ಕುಡಿಯುವ ನೀರು, ಫ್ಲೋರೈಡ್

ನಮ್ಮೂರಲ್ಲಿ ಎಲ್ಲಾ ಮಕ್ಕಳ ಹಲ್ಲೂ ಹಳದಿ, ಕಂದು. ಉಜ್ಜಿದ್ರೂ ಹೋಗಲ್ಲ.

ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ತಾಲ್ಲೂಕುಗಳ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮಿತಿ. ಹಲ್ಲು ವಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಹುಟ್ಟಿನಿಂದ ಸುಮಾರು 8 ವರ್ಷದವರೆಗೆ, ಇದಕ್ಕಿಂತ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಎನಾಮಲ್ ಸರಿಯಾಗಿ ಕಟ್ಟುವುದಿಲ್ಲ. ಕಲೆ ಹಲ್ಲಿನ ಒಳಗೇ ಇರುವುದರಿಂದ ಉಜ್ಜಿದರೆ ಹೋಗದು. ವರ್ಷಗಟ್ಟಲೆ ಕುಡಿದರೆ ಮೂಳೆಗೂ ಬರುತ್ತದೆ.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಾಢವಾಗುತ್ತದೆ. ಕ್ಯಾಂಡಲ್ ಫಿಲ್ಟರ್ ಕೂಡ ತಡೆಯದು. ಆರ್‌ಒ, ಆಕ್ಟಿವೇಟೆಡ್ ಅಲ್ಯೂಮಿನಾ ಫಿಲ್ಟರ್ ತೆಗೆಯುತ್ತವೆ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲ, ಅನ್ನ, ಸಾರು, ಅಂಬಲಿ ಮಾಡಲೂ ಬಳಸಿ. ಕುಡಿಯಲು ಕ್ಯಾನ್ ನೀರು, ಅಡುಗೆಗೆ ಬೋರ್ ನೀರು ಎನ್ನುವಲ್ಲೇ ಮಕ್ಕಳಿಗೆ ಫ್ಲೋರೈಡ್ ಸೇರುವುದು. ಘಟಕದ ಮೆಂಬ್ರೇನ್ (ನೀರು ಸೋಸುವ ಪದರ) ಕಾಲಕಾಲಕ್ಕೆ ಬದಲಿಸಿದ್ದಾರೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ, ನೀರಿನ ಪರೀಕ್ಷೆಯ ವರದಿಯನ್ನೂ ಕೇಳಿ. ಅದು ನಿಮ್ಮ ಹಕ್ಕು.

ಹಾಗಾದ್ರೆ ಇಂಥ ಊರಲ್ಲಿ ಫ್ಲೋರೈಡ್ ಪೇಸ್ಟ್ ಬಿಡ್ಬೇಕಾ?

ದೊಡ್ಡವರು ಬಿಡಬೇಕಿಲ್ಲ. ಪೇಸ್ಟ್ ಹಲ್ಲಿನ ಮೇಲೆ ಕೆಲಸ ಮಾಡಿ ಉಗಿದುಹೋಗುತ್ತದೆ, ತೊಂದರೆ ಮಾಡುವುದು ನುಂಗಿದ್ದು. ಉಗಿಯಲು ಬಾರದ ಚಿಕ್ಕ ಮಕ್ಕಳಿಗೆ ಮಾತ್ರ, ನೀರಿನ ಪ್ರಮಾಣ ತಿಳಿದುಕೊಂಡು ವೈದ್ಯರನ್ನು ಕೇಳಿ ನಿರ್ಧರಿಸಿ. ಕಲೆ ಬಿದ್ದ ಹಲ್ಲಿಗೆ ಹುಳುಕು ಬರುವುದಿಲ್ಲ ಎನ್ನುವುದು ತಪ್ಪು. ಎನಾಮಲ್ ಕಿತ್ತುಹೋದ ಜಾಗದಲ್ಲಿ ಬೇಗನೇ ಹಿಡಿಯುತ್ತದೆ.

## ದೊಡ್ಡವರಲ್ಲಿ

ಬಸುರಿಯಾದಾಗ ಹಲ್ಲಿನ ಸುಣ್ಣ ಮಗುವಿಗೆ ಹೋಗುತ್ತಾ? ಚಿಕಿತ್ಸೆ ಮಾಡಿಸ್ಬಹುದಾ?

ಹಲ್ಲಿನಿಂದ ಮಗುವಿಗೆ ಸುಣ್ಣ ಹೋಗುವುದಿಲ್ಲ. ಹಾರ್ಮೋನಿನಿಂದ ವಸಡು ಊದುತ್ತದೆ, ವಾಂತಿಯ ಹುಳಿ ಹಲ್ಲನ್ನು ಕರಗಿಸುತ್ತದೆ, ಪದೇ ಪದೇ ಏನಾದರೂ ತಿನ್ನುವ ಬಯಕೆ. ಹಾನಿ ಬರುವುದು ಈ ಮೂರರಿಂದ. ವಾಂತಿಯಾದ ಕೂಡಲೇ ಉಜ್ಜಬೇಡಿ, ಮೆತ್ತಗಾದ ಎನಾಮಲ್ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ ಉಗಿದು, ಅರ್ಧ ಗಂಟೆ ಬಿಟ್ಟು ಉಜ್ಜಿ. ನಾಲ್ಕರಿಂದ ಆರನೇ ತಿಂಗಳು ಚಿಕಿತ್ಸೆಗೆ ಅನುಕೂಲದ ಕಾಲ. ನೋವು, ಕೀವು ಇದ್ದರೆ ಯಾವ ತಿಂಗಳಾದರೂ ಕಾಯಬಾರದು. ಬಸುರಿ ಎಂದು ಮೊದಲೇ ಹೇಳಿ.

ನನಗೆ ಶುಗರ್ ಇದೆ, ಬಾಯಿ ಸದಾ ಒಣಗುತ್ತೆ. ಹಲ್ಲಿನ ಬುಡ ಕರಗ್ತಿದೆ.

ಎಂಜಲು ಕಡಿಮೆಯಾದರೆ ಹಲ್ಲಿನ ದೊಡ್ಡ ರಕ್ಷಣೆಯೇ ಹೋದಂತೆ. ವಸಡು ಇಳಿದು ಬೇರು ಹೊರಬಿದ್ದಿದ್ದರೆ ಅಲ್ಲಿ ಎನಾಮಲ್ ಇಲ್ಲ, ಹುಳುಕು ಬೇಗ ಹರಡುತ್ತದೆ. ಬಾಯಿ ಒಣಗಿಸುವುದು ಶುಗರ್ ಒಂದೇ ಅಲ್ಲ, ಬಿಪಿ, ಅಲರ್ಜಿ, ಖಿನ್ನತೆಯ ಕೆಲವು ಮಾತ್ರೆಗಳೂ ಹಾಗೆ ಮಾಡುತ್ತವೆ. ಮಾತ್ರೆ ನೀವೇ ನಿಲ್ಲಿಸಬೇಡಿ, ಬದಲಿ ಇದೆಯೇ ಎಂದು ಕೇಳಿ. ನೀರು ಆಗಾಗ ಗುಟುಕರಿಸಿ, ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಅಗಿಯಿರಿ, ಮೂರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಶ್ ಹಾಕಿಸಿ. ವಸಡಿನ ಸೋಂಕು ಶುಗರನ್ನೂ ಏರಿಸುತ್ತದೆ, ಏರಿದ ಶುಗರ್ ವಸಡನ್ನು ಕೆಡಿಸುತ್ತದೆ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕು.

## ಡಾಕ್ಟರ ಹತ್ತಿರ ಹೋದಾಗ

ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಅಲ್ಲಾಡುತ್ತಂತೆ, ಹೌದಾ?

ಹಲ್ಲನ್ನು ಸಡಿಲ ಮಾಡಿದ್ದು ಕಿಟ್ಟ. ಅದು ಬುಡದಲ್ಲಿ ಗಾರೆಯಂತೆ ಗಟ್ಟಿಯಾಗಿ ಕೂತು ಕೆಳಗಿನ ಮೂಳೆ ಕರಗಿಸಿರುತ್ತದೆ, ತಾನೇ ಆಧಾರವೂ ಆಗಿರುತ್ತದೆ. ತೆಗೆದಾಗ ಒಳಗಿನ ಸಡಿಲ, ಸಂದಿ ಬಯಲಾಗುತ್ತವೆ. ನಾಲ್ಕಾರು ದಿನ ತಣ್ಣೀರಿಗೆ ಜುಂ ಎನ್ನುವುದು ಸಹಜ. ಊದಿದ ವಸಡು ಇಳಿದು ಮತ್ತೆ ಹಲ್ಲನ್ನು ಬಿಗಿಯಾಗಿ ಹಿಡಿಯುತ್ತದೆ. ತಡಮಾಡಿದಷ್ಟೂ ಮೂಳೆ ಕಳೆಯುತ್ತದೆ, ಕಳೆದ ಮೂಳೆ ತಾನಾಗಿ ಬರುವುದಿಲ್ಲ.

ಸಿಮೆಂಟ್ ತುಂಬಿದ್ರೆ ಸಾಕಾ, ರೂಟ್ ಕೆನಾಲೇ ಬೇಕಾ?

ನೋವಿನ ಬಗೆ ಅರ್ಧ ಉತ್ತರ ಹೇಳುತ್ತದೆ. ತಣ್ಣಗಿನದು, ಸಿಹಿ ತಾಗಿದಾಗ ಚುಳ್ ಎಂದು ತಕ್ಷಣ ನಿಂತರೆ ನರ ಇನ್ನೂ ಚೆನ್ನಾಗಿದೆ, ಸಿಮೆಂಟ್ ಸಾಕಾಗಬಹುದು. ಬಿಸಿ ಕಾಫಿಗೆ ನೋವು ಶುರುವಾಗಿ ನಿಮಿಷಗಟ್ಟಲೆ ಉಳಿದರೆ, ಮಲಗಿದಾಗ ತಾನಾಗೇ ಮಿಡಿದರೆ ನರ ಕೆಟ್ಟಿದೆ, ರೂಟ್ ಕೆನಾಲ್ (ಕೆಟ್ಟ ನರ ತೆಗೆದು ಬೇರಿನ ಒಳಗನ್ನು ತುಂಬುವುದು) ಇಲ್ಲವೇ ಕೀಳಿಸುವುದೇ ದಾರಿ. ಬಹಳ ನೋಯುತ್ತಿದ್ದದ್ದು ಒಂದು ದಿನ ಇದ್ದಕ್ಕಿದ್ದಂತೆ ನಿಂತರೆ ವಾಸಿಯಾಯಿತು ಎಂದುಕೊಳ್ಳಬೇಡಿ: ನರ ಸತ್ತಿದೆ, ಕೀವು ಬೇರಿನ ತುದಿಯಲ್ಲಿ ಕಟ್ಟುತ್ತಿರುತ್ತದೆ. ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಸಾಮಾನ್ಯವಾಗಿ ಕ್ಯಾಪ್ ಬೇಕು, ಹಾಕಿಸದೆ ಬಿಟ್ಟು ಅಗಿಯುವಾಗ ಸೀಳಿದ ಹಲ್ಲು ಉಳಿಯುವುದು ಕಷ್ಟ. ದುಡ್ಡಿನ ತೊಂದರೆ ಇದ್ದರೆ ಸರ್ಕಾರಿ ದಂತ ಕಾಲೇಜುಗಳ ಹೊರರೋಗಿ ವಿಭಾಗದಲ್ಲಿ ಖರ್ಚು ಬಹಳ ಕಡಿಮೆ. ಬೆಂಗಳೂರು, ಬಳ್ಳಾರಿಯಲ್ಲಿ ಇವೆ. ನಾಲ್ಕೈದು ಸಲ ಓಡಾಡಬೇಕಾಗುತ್ತದೆ, ಅದಕ್ಕೆ ತಯಾರಾಗಿ ಹೋಗಿ.

ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣು ಮಂಜಾಗುತ್ತಾ?

ಇಲ್ಲ. ದೃಷ್ಟಿಯ ನರ ಬೇರೆ, ಹಲ್ಲಿನ ನರ ಬೇರೆ. ಹಲ್ಲು ಕೀಳಿಸುವ ವಯಸ್ಸಿಗೇ ಪೊರೆಯೂ ಬರುವುದರಿಂದ ಜನ ಎರಡನ್ನೂ ಗಂಟು ಹಾಕಿದ್ದಾರೆ. ಈ ಭಯಕ್ಕೆ ಕೀವಿನ ಹಲ್ಲನ್ನು ಬಾಯಲ್ಲಿಟ್ಟುಕೊಳ್ಳುವುದೇ ಅಪಾಯ.

ಮಧ್ಯರಾತ್ರಿ ಹಲ್ಲುನೋವು, ಡಾಕ್ಟರ್ ಸಿಗಲ್ಲ. ಬೆಳಗಾಗೋವರೆಗೆ ಏನು ಮಾಡ್ಲಿ?

ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ, ಸಂದಿಯಲ್ಲಿ ಸಿಕ್ಕಿದ್ದನ್ನು ಫ್ಲಾಸ್‌ನಿಂದ ತೆಗೆಯಿರಿ. ಎರಡು ದಿಂಬಿಟ್ಟು ತಲೆ ಎತ್ತರದಲ್ಲಿಟ್ಟು ಮಲಗಿದರೆ ಮಿಡಿತ ಕಡಿಮೆಯಾಗುತ್ತದೆ. ದೊಡ್ಡವರು ಪ್ಯಾರಸಿಟಮಾಲ್ ನುಂಗಬಹುದು, ಚೀಟಿಯ ಮೇಲಿನ ಪ್ರಮಾಣ ಮೀರಬೇಡಿ. ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟುಕೊಳ್ಳಬೇಡಿ, ಆಸ್ಪಿರಿನ್ ಇಟ್ಟರೆ ವಸಡು ಸುಟ್ಟು ಬೆಳ್ಳಗಾಗುತ್ತದೆ. ಲವಂಗದ ಎಣ್ಣೆಯಾದರೆ ಹತ್ತಿಗೆ ಒಂದೇ ತೊಟ್ಟು, ತೂತಿನೊಳಗೆ ಮಾತ್ರ, ವಸಡಿಗೆ ತಾಗದ ಹಾಗೆ. ಮಕ್ಕಳಿಗೆ ಅದೂ ಬೇಡ. ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ, ತಣ್ಣನೆಯ ಬಟ್ಟೆ ಇಡಿ. ಹಿಂದಿನ ಸಲ ಉಳಿದ ಆಂಟಿಬಯಾಟಿಕ್ ನುಂಗಬೇಡಿ: ತೂತಿನೊಳಗಿನ ಸತ್ತ ನರಕ್ಕೆ ರಕ್ತವೇ ಹೋಗುವುದಿಲ್ಲ, ಔಷಧಿ ಅಲ್ಲಿಗೆ ತಲುಪುವುದೂ ಇಲ್ಲ.

ಬೆಳಗಿನವರೆಗೆ ಕಾಯಬಾರದ ಗುರುತುಗಳು ಇವು: ದವಡೆಯ ಕೆಳಗೆ, ಕತ್ತಿನ ಕಡೆಗೆ ಹರಡುವ ಗಟ್ಟಿ ಊತ, ಕಣ್ಣು ಮುಚ್ಚುವಷ್ಟು ಊತ, ಬಾಯಿ ತೆರೆಯಲಾಗದಿರುವುದು, ಎಂಜಲು ನುಂಗಲಾಗದೆ ಸುರಿಯುವುದು, ನಾಲಿಗೆ ಮೇಲಕ್ಕೆ ಎತ್ತಿಕೊಂಡಿರುವುದು, ಉಸಿರಿಗೆ ತೊಂದರೆ, ಚಳಿಜ್ವರ. ಇವುಗಳಲ್ಲಿ ಒಂದಿದ್ದರೂ ದಂತವೈದ್ಯರನ್ನು ಹುಡುಕುತ್ತಾ ಕೂರದೆ 108ಕ್ಕೆ ಕರೆ ಮಾಡಿ, ತುರ್ತು ಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ಆ ರ‍ಾತ್ರಿಯೇ ಹೋಗಿ.